ವೈದ್ಯ–ಫಾರ್ಮಸಿಸ್ಟ್ ಸಹಯೋಗ: ಮನೋಭಾವ ಮಾಪನ

ಅಮೆರಿಕದ ಫಿಲಡೆಲ್ಫಿಯಾದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದ ಮೊಹಮ್ಮದ್‌ರೆಜಾ ಹೊಜತ್, ಜೋಸೆಫ್ ಗೊನೆಲ್ಲಾ 2011ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಿದು. ವೈದ್ಯರಿಗೂ ಫಾರ್ಮಸಿಸ್ಟರಿಗೂ ಒಂದೇ ನಮೂನೆ. ಹೇಳಿಕೆಗಳು 16, ಪ್ರತಿಯೊಂದಕ್ಕೂ 4 ಹಂತದ ಉತ್ತರ. ಅಂಕ 16ರಿಂದ 64. ಅಂಕ ಹೆಚ್ಚಿದಷ್ಟೂ ಸಹಯೋಗದತ್ತ ಒಲವು ಹೆಚ್ಚು. ಒಪ್ಪಿಗೆಯನ್ನು ಹಂತಗಳಲ್ಲಿ ಗುರುತಿಸುವ ಈ ಪದ್ಧತಿ ರೆನ್ಸಿಸ್ ಲಿಕರ್ಟ್ ಅವರದು (1932). ಹಂತಗಳು ಸಮಸಂಖ್ಯೆಯಲ್ಲಿರುವುದರಿಂದ ಮಧ್ಯದಲ್ಲಿ ತಟಸ್ಥವಾಗಿ ಉಳಿಯಲು ಜಾಗವಿಲ್ಲ. ಒಪ್ಪಲೇಬೇಕು, ಇಲ್ಲವೇ ನಿರಾಕರಿಸಬೇಕು.

ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಇಲ್ಲಿ: ಈ ಪ್ರಶ್ನಾವಳಿ ಅಳೆಯುವುದು ಮನೋಭಾವವನ್ನು, ನಡವಳಿಕೆಯನ್ನಲ್ಲ. ವಾರ್ಫರಿನ್ ಸೇವಿಸುವ ರೋಗಿಯ ಚೀಟಿಯಲ್ಲಿ ಐಬುಪ್ರೊಫೆನ್ ಕಂಡರೆ ರಕ್ತಸ್ರಾವದ ಅಪಾಯವಿದೆ. ಆಗ ಫಾರ್ಮಸಿಸ್ಟ್ ವೈದ್ಯರಿಗೆ ಫೋನ್ ಮಾಡುತ್ತಾರೆಯೇ, ವೈದ್ಯರು ಕಿವಿಗೊಡುತ್ತಾರೆಯೇ ಎಂಬುದನ್ನು ವಾರ್ಡಿನಲ್ಲೇ ನೋಡಬೇಕು. ರೋಗಿಯ ಜೀವ ನಿಂತಿರುವುದು ಆ ಕರೆಯ ಮೇಲೆ.