ಹಳದಿ ಯಾವ ಎಲೆಯಿಂದ ಶುರುವಾಯಿತು?

ಜುಲೈ ಬಂತೆಂದರೆ ಬೈಲಹೊಂಗಲದ ಗೊಬ್ಬರದಂಗಡಿಗಳ ಮುಂದೆ ಯೂರಿಯಾಕ್ಕೆ ಪಾಳಿ. ಎಲ್ಲರ ಬಾಯಲ್ಲೂ ಒಂದೇ ಮಾತು: "ಗೋವಿನಜೋಳ ಹಳದಿ ಬಿದ್ದೈತಿ." ನಾನೂ ನಿಲ್ಲುವವನೇ, ಆದರೆ ಹೊಲ ನೋಡಿಕೊಂಡು ಬಂದು. ಬುಡದ ಹಳೇ ಎಲೆ ತುದಿಯಿಂದ ನಡುನರದಗುಂಟ ಹಳದಿಯಾಗುತ್ತ ಬಂದಿದ್ದರೆ ಸಾರಜನಕದ ಕೊರತೆ. ಬೆಳೆ ಅದನ್ನು ಹಳೇ ಎಲೆಯಿಂದ ಕಿತ್ತು ಸುಳಿಗೆ ಸಾಗಿಸುತ್ತಿರುತ್ತದೆ. ಬುಡ ಹಸಿರಿದ್ದು ಸುಳಿ ಮಾತ್ರ ಬಿಳಿಚಿಕೊಂಡಿದ್ದರೆ ಕಬ್ಬಿಣದ್ದೋ ಗಂಧಕದ್ದೋ ತಕರಾರು, ಯೂರಿಯಾಕ್ಕೆ ಬಗ್ಗುವುದಿಲ್ಲ. ಎರೆಮಣ್ಣಿನಲ್ಲಿ ನೀರು ನಿಂತಿದ್ದರೆ ಮೊದಲು ಬಸಿಗಾಲುವೆ ತೆಗೆಯಬೇಕು. ಉಸಿರು ಕಟ್ಟಿದ ಬೇರು ಗೊಬ್ಬರ ಉಂಡೀತೇ?

ಗೋವಿನಜೋಳದಂತೆ ಜೋಳ, ಗೋಧಿ, ಮೇವಿನ ನೇಪಿಯರ್ ಎಲ್ಲ ಹುಲ್ಲಿನ ಜಾತಿಯೇ. ಇವುಗಳ ಎಲೆ ಬೆಳೆಯುವುದು ತುದಿಯಲ್ಲಲ್ಲ, ಬುಡದಲ್ಲಿ. ಮೊಣಕಾಲೆತ್ತರದ ಜೋಳ ಕಿತ್ತು ಹೊರಗಿನ ಎಲೆ ಒಂದೊಂದಾಗಿ ಸುಲಿಯಿರಿ. ಒಳಗೆ ಸಿಗುವ ಸುರುಳಿಯ ತುದಿ ಹಸಿರು, ಬುಡ ಬೆಳ್ಳಗೆ, ಉಗುರು ತಾಗಿದರೆ ನೀರೊಡೆಯುವಷ್ಟು ಎಳಸು. ಜೀವಕೋಶಗಳು ಹುಟ್ಟುವುದು, ಉದ್ದವಾಗುವುದು ಅಲ್ಲೇ. ಸಾರಜನಕದ ಹಸಿವು ಹೆಚ್ಚಿರುವುದೂ ಅಲ್ಲೇ. ಅದು ಸಾಲದಾದರೆ ಎಲೆಗಳ ಲೆಕ್ಕ ಅಷ್ಟೇನೂ ಇಳಿಯುವುದಿಲ್ಲ, ಒಂದೊಂದು ಎಲೆಯೂ ಗಿಡ್ಡ, ಸಪೂರ. ಬಿಚ್ಚಿ ನಿಂತ ಎಲೆ ಮತ್ತೆ ಉದ್ದವಾಗದು. ಇಂದು ಹಾಕಿದ ಮೇಲುಗೊಬ್ಬರದಿಂದ ಅಗಲವಾಗುವುದು ಇನ್ನೂ ಕಣ್ಣಿಗೆ ಬೀಳದ, ಸುಳಿಯೊಳಗಿನ ಎಲೆ. ಹಾಕಿದ ಮರುವಾರವೇ "ಏನೂ ಆಗ್ಲಿಲ್ಲ" ಎಂದು ಇನ್ನೊಂದು ಚೀಲ ತರುವವರಿಗೆ ಇದನ್ನೇ ಹೇಳುತ್ತೇನೆ, ಕೇಳುವವರು ಕಡಿಮೆ.

ಯೂರಿಯಾದ 45 ಕೆಜಿ ಚೀಲದಲ್ಲಿ ಸಾರಜನಕ ಶೇ. 46, ಅಂದರೆ ಸುಮಾರು 20.7 ಕೆಜಿ. ಅದರಲ್ಲಿ ಬೇರಿಗೆಷ್ಟು ಮುಟ್ಟುತ್ತದೆಂಬುದು ಊರಿನ ಮೇಲೆ. ರಾಮದುರ್ಗದ ನಮ್ಮ ಮಾವನವರದು ಹಿಂಗಾರಿ ಬಿಳಿಜೋಳ. "ಮ್ಯಾಲ ಉಗ್ಗಿದ್ರ ಗಾಳಿಗೆ ಉಣಿಸಿದಂಗ ನೋಡ್ರಿ" ಎನ್ನುವ ಅವರು ಬಿತ್ತುವಾಗಲೇ ಕೂರಿಗೆಯಲ್ಲಿ ಗೊಬ್ಬರವನ್ನೂ ಹಸಿಗೆ ಇಳಿಸುತ್ತಾರೆ. ಸರಿಯೇ, ಕ್ಷಾರದ ಎರೆಯ ಮೇಲೆ ಬಿದ್ದ ಯೂರಿಯಾ ಅಮೋನಿಯಾ ಆಗಿ ಹಾರುತ್ತದೆ. ಕಿತ್ತೂರಿನತ್ತ ಮಳೆ ಜಾಸ್ತಿ, ತೊಳೆದುಹೋಗುವ ಭಯ. ಅಲ್ಲಿ ಕಂತಿನಲ್ಲಿ ಕೊಡುವುದೇ ವಾಸಿ. ಸವದತ್ತಿಯಲ್ಲಿ ಮಲಪ್ರಭಾ ಕಾಲುವೆ ನೀರುಳ್ಳವರು ನೇಪಿಯರ್ ಕೊಯ್ದ ಬೆನ್ನಿಗೇ ಯೂರಿಯಾ ಕೊಟ್ಟು ನೀರು ಹಾಯಿಸುತ್ತಾರೆ.

ಮೇವಿನ ಜೋಳಕ್ಕೆ ಮಾತ್ರ ಎಚ್ಚರ. ಎಳೆ ಜೋಳದಲ್ಲಿ ಸೈನೈಡ್ ವಿಷವಿರುತ್ತದೆ, ಯೂರಿಯಾ ಹೆಚ್ಚಾದಷ್ಟೂ ಅದೂ ಏರುತ್ತದೆ, ಮಳೆ ಕೈಕೊಟ್ಟು ಬಾಡಿದರಂತೂ ಇನ್ನೂ ಕೆಟ್ಟದ್ದು. ಎಷ್ಟೇ ಕಪ್ಪು ಹಸಿರಾಗಿ ತೊನೆದರೂ ಹೂ ಬರುವವರೆಗೆ ನಮ್ಮ ದನ ಆ ಹೊಲದ ಬದುವಿನಾಚೆಗೇ.