ಮೊದಲು ಕತ್ತಲನ್ನು ಹುಡುಕು

ಮಗಳೇ, ನೀನು ಕೊಟ್ಟುಹೋದ ಯಕ್ಷಗಾನದ ಚಿತ್ರಗಳನ್ನು ರಾತ್ರಿ ಮತ್ತೊಮ್ಮೆ ನೋಡಿದೆ. ಧಿಗಿಣ ಕುಣಿತದ ಸುತ್ತು ಹಿಡಿಯಬೇಕೆಂದು ಶಟರನ್ನು ಎರಡು ಸೆಕೆಂಡು ತೆರೆದಿಟ್ಟಿದ್ದೀಯ. ನಿನ್ನ ಧೈರ್ಯ ಮೆಚ್ಚಿದೆ. ಆದರೆ ವೇಷದ ಜೊತೆ ಹಿಂದಿನ ಟ್ಯೂಬ್‌ಲೈಟು, ಬ್ಯಾನರು, ಮೈಕು ಎಲ್ಲವೂ ಕಲಸಿಹೋಗಿವೆ. ಮಸುಕಾದದ್ದೆಲ್ಲ ಚಲನೆಯಲ್ಲ.

ಈ ತೊಡಕು ಪ್ಯಾರಿಸ್ಸಿನ ಎಟಿಯೆನ್ ಜೂಲ್ ಮಾರೆಗೂ ಎದುರಾಗಿತ್ತು. ಆತ ನಾಡಿಮಿಡಿತವನ್ನು ಗೆರೆಯಾಗಿ ಬರೆಸುವ ಯಂತ್ರಗಳಲ್ಲಿ ಪಳಗಿದ ಶರೀರ ವಿಜ್ಞಾನಿ. 1882ರಲ್ಲಿ ಸೆಕೆಂಡಿಗೆ 12 ಚಿತ್ರ ತೆಗೆಯುವ, ಬಂದೂಕಿನಂಥ ಕ್ಯಾಮೆರಾ ಮಾಡಿ ಹಕ್ಕಿಯ ಹಾರಾಟ ಹಿಡಿದ. ಆಮೇಲೆ ಕಂಡಿಗಳಿದ್ದ ಚಕ್ರ ತಿರುಗಿಸಿ, ನಡೆಯುವವನ ಹಲವು ಕ್ಷಣಗಳನ್ನು ಒಂದೇ ಗಾಜಿನ ಫಲಕದ ಮೇಲೆ ಮೂಡಿಸಿದ. ಕ್ಷಣಗಳು ಹತ್ತಿರವಾದಷ್ಟೂ ಕಾಲಿನ ಮೇಲೆ ಕಾಲು ಬಿದ್ದು ಚಿತ್ರ ಗೋಜಲಾಯಿತು. ಆಗ ಮಾರೆ ಏನು ಮಾಡಿದ ಗೊತ್ತೇ? ನಡೆಯುವವನಿಗೆ ಮೈತುಂಬ ಕಪ್ಪು ಬಟ್ಟೆ ತೊಡಿಸಿ, ಕೈಕಾಲಿನುದ್ದಕ್ಕೂ ಬಿಳಿಯ ಪಟ್ಟಿ, ಕೀಲುಗಳಿಗೆ ಬಿಳಿಯ ಚುಕ್ಕೆ ಇಟ್ಟು, ಕಪ್ಪು ಹಿನ್ನೆಲೆಯ ಮುಂದೆ ನಡೆಸಿದ. ಮನುಷ್ಯ ಮರೆಯಾದ, ನಡಿಗೆ ಉಳಿಯಿತು.

ಹೀಗೆ ಕತ್ತರಿಸಿದ ಹೆಜ್ಜೆಗಳಲ್ಲಿ ಚಲನೆಯ ಹರಿವೇ ಇಲ್ಲವೆಂದು ಇಟಲಿಯ ಛಾಯಾಗ್ರಾಹಕ ಬ್ರಗಾಲ್ಯಾ 1911ರ ಹೊತ್ತಿಗೆ ತಕರಾರು ತೆಗೆದ. ಆತನಿಗೆ ಬೇಕಾಗಿದ್ದು ನಿನಗೆ ಬೇಕಾದ ಆ ಎಳೆದ ಜಾಡೇ. ಆದರೂ ಟೈಪ್ ಮಾಡುವ ಕೈಗಳ ಚಿತ್ರ ತೆಗೆದಾಗ ಬೆರಳುಗಳ ಓಟಕ್ಕೇ ಒತ್ತು ಕೊಟ್ಟ. ದಾರಿ ಬೇರೆಯಾದರೂ, ಬೇಡದ್ದನ್ನು ಬಿಡುವುದನ್ನು ಇಬ್ಬರೂ ಬಲ್ಲವರು.

ನೀನೂ ಬಿಡುವುದನ್ನು ಕಲಿ. ರಂಗಸ್ಥಳದ ಬದಿಗೆ ಸರಿದು ನಿಲ್ಲು, ವೇಷದ ಹಿಂದೆ ಗದ್ದೆಯ ಕತ್ತಲು ಬರಲಿ. ಅದೇ ನಿನ್ನ ಕಪ್ಪು ಬಟ್ಟೆ. ಕ್ಯಾಮೆರಾ ಟ್ರೈಪಾಡಿನ ಮೇಲಿರಲಿ. ಐಎಸ್‌ಒ 100ಕ್ಕೆ ಇಳಿಸು, ಅಪರ್ಚರ್ ಕಿರಿದು ಮಾಡು, ಒಂದು ಸೆಕೆಂಡಿನಿಂದ ಶುರುಮಾಡು.

ಇನ್ನೊಂದು ಮಾತು. 1838ರಲ್ಲಿ ಛಾಯಾಗ್ರಹಣದ ಮೊದಲಿಗರಲ್ಲೊಬ್ಬನಾದ ಡಗೇರ್ ಪ್ಯಾರಿಸ್ಸಿನ ಬೀದಿಯೊಂದರ ಚಿತ್ರ ತೆಗೆದಾಗ ಓಡಾಡುತ್ತಿದ್ದ ಜನ, ಬಂಡಿಗಳು ಒಂದೂ ಮೂಡಲಿಲ್ಲ. ಆದರೆ ಬೂಟಿಗೆ ಪಾಲಿಶ್ ಹಾಕಿಸುತ್ತ ನಿಂತಿದ್ದವನು ಉಳಿದ. ದೀರ್ಘ ಎಕ್ಸ್‌ಪೋಷರಿನಲ್ಲಿ ನಿಂತದ್ದು ಗಾಢ, ಓಡಿದ್ದು ತೆಳು. ಹಾಗಾಗಿ ಸುತ್ತು ಮುಗಿಯುವ ಮುನ್ನ ಶಟರ್ ತೆರೆ, ಕಲಾವಿದ ನಿಂತ ಮೇಲೊಂದು ಗಳಿಗೆ ಬಿಟ್ಟು ಮುಚ್ಚು. ಸುತ್ತು ಜಾಡಾಗುತ್ತದೆ, ನಿಲುವು ದೇಹವಾಗುತ್ತದೆ.

ಕಲಾವಿದ ಯಾವಾಗ ನಿಲ್ಲುತ್ತಾನೆಂಬುದು ಕ್ಯಾಮೆರಾಕ್ಕೆ ಗೊತ್ತಿಲ್ಲ, ಚೆಂಡೆಗೆ ಗೊತ್ತು. ಮುಂದಿನ ಆಟಕ್ಕೆ ಹೋದಾಗ ಮೊದಲ ಪ್ರಸಂಗ ಮುಗಿಯುವತನಕ ಕ್ಯಾಮೆರಾ ಚೀಲದಲ್ಲೇ ಇರಲಿ. ಸುಮ್ಮನೆ ಕೂತು ತಾಳ ಕೇಳು, ಮಗಳೇ.