ಏರಿ ಇಳಿಯುವುದು ದುಡಿಮೆ, ಏರುತ್ತಲೇ ಇರುವುದು ಸೋರಿಕೆ



*ಇಂದಿನ ಚಿಂತನೆ: ಮೊದಲು ಕಾರಣ, ಆಮೇಲೆ ಪರಿಹಾರ*

ದುಃಖಕ್ಕೆ ಕಾರಣ ಇದೆ ಎಂಬುದನ್ನು ನಾವೆಲ್ಲ ಒಪ್ಪಿದವರು. ಆದರೂ ಕಷ್ಟ ಬಂದ ದಿನ ಕಾರಣ ಹುಡುಕುವ ತಾಳ್ಮೆ ಇರುವುದಿಲ್ಲ, ಪರಿಹಾರದ ಹಿಂದೆ ಓಡುತ್ತೇವೆ. ಇಂದು ಇದನ್ನು ಸ್ಲೋ ಆದ ಒಂದು ಲ್ಯಾಪ್‌ಟಾಪಿನಲ್ಲಿ ಕಲಿಯೋಣ. ನಮ್ಮಲ್ಲಿ ಹಲವರ ಮನೆಯಲ್ಲಿ ಹಳೆಯ ಕಂಪ್ಯೂಟರ್ ಇರುವುದರಿಂದ ಪಾಠದ ಜೊತೆ ಕೆಲಸಕ್ಕೂ ಬಂದೀತು.

*ಕಷ್ಟ ಏನಿತ್ತು?*

ನಮ್ಮ ಬಳಗದ ತಂಗಿಯೊಬ್ಬಳು ಬೆಳ್ತಂಗಡಿ ಕಡೆಯವಳು, ಮೂಡುಬಿದಿರೆಯಲ್ಲಿ ಪದವಿ ಓದುತ್ತಿದ್ದಾಳೆ. ಎಸ್‌ಎಸ್‌ಪಿ ವಿದ್ಯಾರ್ಥಿವೇತನದ ಅರ್ಜಿಗೆ ನಾಲ್ಕೇ ದಿನ ಉಳಿದಿತ್ತು. ಅವಳ ಲ್ಯಾಪ್‌ಟಾಪಿನಲ್ಲಿ ಪುಟ ತೆರೆಯುವಷ್ಟರಲ್ಲಿ ಲಾಗಿನ್ ಅವಧಿಯೇ ಮುಗಿಯುತ್ತಿತ್ತು. ಕೇರಿಯ ಇನ್ನೂ ಐದು ಮಕ್ಕಳ ಅರ್ಜಿಯನ್ನು ಅವಳೇ ತುಂಬಿಕೊಡಬೇಕಿತ್ತು. ವಿದ್ಯಾರ್ಥಿವೇತನದ ಬೆಲೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 1913ರಲ್ಲಿ ಬಾಬಾಸಾಹೇಬರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾ ಮಹಾರಾಜರು ಕೊಟ್ಟ ವಿದ್ಯಾರ್ಥಿವೇತನದಿಂದಲೇ.

ಅವಳಿಗೆ ಮೂರು ಕಡೆಯಿಂದ ಮೂರು ಉತ್ತರ ಸಿಕ್ಕಿತ್ತು.

1️⃣ ಅಂಗಡಿಯವರು: "ಇದು ಮುಗಿಯಿತು, ಹೊಸದು ತಗೊಳ್ಳಿ."
2️⃣ ಮೊಬೈಲಿನಲ್ಲಿ ಬಂದ ವಿಡಿಯೋ: "ವಿಂಡೋಸ್ 10 ನಿಂತುಹೋಗಿದೆ, ಅದಕ್ಕೇ ಸ್ಲೋ."
3️⃣ ನೆರೆಮನೆಯವರು: "ದೀಕ್ಷೆ ತಗೊಂಡ ಮೇಲೆ ಆಯುಧಪೂಜೆ ಬಿಟ್ಟಿರಲ್ಲ, ಮತ್ತೆ ಹೇಗೆ ಸರಿಯಾಗ್ತದೆ?"

ತಾಯಿ ಬೀಡಿ ಕಟ್ಟಿ ಮನೆ ನಡೆಸುವವರು. ಮಗಳ ಓದು ನಿಲ್ಲಬಾರದೆಂದು ಹೊಸ ಲ್ಯಾಪ್‌ಟಾಪಿಗೆ ಸಂಘದಲ್ಲಿ ಸಾಲ ಕೇಳಲು ಹೊರಟಿದ್ದರು. ಉತ್ತರ ಕೊಟ್ಟ ಮೂವರಲ್ಲಿ ಒಬ್ಬರೂ ಯಂತ್ರವನ್ನು ತೆರೆದು ನೋಡಿರಲಿಲ್ಲ.

*ನೋಡಿದ್ದು ಹೇಗೆ?*

ಭಾನುವಾರ ಬಂಟ್ವಾಳದ ತರಗತಿಗೆ ಅವಳು ಅದನ್ನು ತಂದಳು. ನಾನು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದೆ. ಟಾಸ್ಕ್ ಮ್ಯಾನೇಜರ್ ತೆರೆಯಿತು. ಅದರಲ್ಲಿ ಮೆಮೊರಿ ಎಂಬ ತಲೆಬರಹವನ್ನು ಒತ್ತಿದರೆ ಹೆಚ್ಚು ಮೆಮೊರಿ ಹಿಡಿದವರು ಮೇಲೆ ಬರುತ್ತಾರೆ.

4 ಜಿಬಿ ರ‍್ಯಾಮ್‌ನಲ್ಲಿ 3.6 ಜಿಬಿ ತುಂಬಿತ್ತು. ಪಟ್ಟಿಯ ಮೇಲ್ತುದಿಯಲ್ಲಿ ಆಂಟಿಮಾಲ್‌ವೇರ್ ಸರ್ವಿಸ್ ಎಂಬ ಹೆಸರು ಕಂಡು ಒಬ್ಬ ಅಣ್ಣ, "ಇದೇ ಕಳ್ಳ, ಮುಚ್ಚಿಬಿಡಿ" ಎಂದರು. ಅದು ವೈರಸ್ ಕಾಯುವ ಕಾವಲುಗಾರ. ತಪಾಸಣೆ ಮಾಡುವಾಗ ಹೆಚ್ಚು ಮೆಮೊರಿ ಹಿಡಿಯುತ್ತದೆ, ಮುಗಿದ ಮೇಲೆ ಬಿಡುತ್ತದೆ. ಹತ್ತು ನಿಮಿಷ ಕಾದೆವು, ಇಳಿಯಿತು. *ಏರಿ ಇಳಿಯುವುದು ದುಡಿಮೆ. ಏರುತ್ತಲೇ ಇರುವುದು ಸೋರಿಕೆ.* ಮೊದಲು ತಿಳಿಯಬೇಕಾದ ವ್ಯತ್ಯಾಸ ಇದು.

2015ರಲ್ಲಿ ವಿಂಡೋಸ್ 10 ಬಂದ ಹೊಸದರಲ್ಲೂ ಹೀಗೇ ಆಗಿತ್ತು. 'ಸಿಸ್ಟಮ್' ಎಂಬ ಹೆಸರಿನ ಮುಂದೆ ದೊಡ್ಡ ಸಂಖ್ಯೆ ಕಂಡು ಜನ ಗಾಬರಿಯಾದರು. ಜಾಗ ಉಳಿಸಲೆಂದು ಮಡಚಿಟ್ಟ ಮೆಮೊರಿಯನ್ನೂ ಆ ಹೆಸರಿನಡಿಯೇ ಲೆಕ್ಕ ಹಾಕುತ್ತಿದ್ದರು. ಉಳಿಸಿಕೊಡುತ್ತಿದ್ದವನ ಮೇಲೆಯೇ ತಿಂದ ಆರೋಪ ಬಂತು.

*ಲೆಕ್ಕ ಕೂಡಲಿಲ್ಲ*

ಆಮೇಲೆ ಪಟ್ಟಿಯ ಎಲ್ಲ ಸಂಖ್ಯೆಗಳನ್ನೂ ಕೂಡಿಸಿದೆವು. ಬಂದದ್ದು ಸುಮಾರು 1.7 ಜಿಬಿ. ತುಂಬಿರುವುದು 3.6. ಉಳಿದದ್ದು ಯಾರ ಬಳಿ?

ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿಯನ್ನು ಒತ್ತಿದರೆ ಕೆಳಗೆ 'ನಾನ್‌ ಪೇಜ್ಡ್ ಪೂಲ್' ಎಂಬ ಸಣ್ಣ ಸಾಲು ಇದೆ. ಅಲ್ಲಿ 1.5 ಜಿಬಿ ಎಂದಿತ್ತು. ಇದು ವಿಂಡೋಸಿನ ಒಳಭಾಗವೂ ಡ್ರೈವರ್‌ಗಳೂ ಬಳಸುವ ಮೆಮೊರಿ. ಜಾಗ ಸಾಲದಿದ್ದಾಗ ಬೇರೆಯದನ್ನು ಡಿಸ್ಕಿಗೆ ಸರಿಸಬಹುದು, ಇದನ್ನು ಸರಿಸಲು ಬರುವುದಿಲ್ಲ. ಯಾವುದೋ ಡ್ರೈವರ್ ಮೆಮೊರಿ ಕೇಳಿ ಪಡೆಯುತ್ತದೆ, ಹಿಂದಿರುಗಿಸುವುದಿಲ್ಲ. ಮದುವೆಗೆಂದು ಸಂಘದ ಪಾತ್ರೆ ಒಯ್ದ ಮನೆ ವಾಪಸ್ ಕೊಡದೆ ಪ್ರತಿ ಸಮಾರಂಭಕ್ಕೂ ಮತ್ತೆ ಒಯ್ದ ಹಾಗೆ.

"ಸರ್, ನಾನು ದಿನಾ ರಾತ್ರಿ ಶಟ್‌ಡೌನ್ ಮಾಡ್ತೇನೆ" ಎಂದಳು ತಂಗಿ. ನಿಜವೇ. ಆದರೆ 'ಫಾಸ್ಟ್ ಸ್ಟಾರ್ಟಪ್' ಚಾಲೂ ಇದ್ದರೆ ಶಟ್‌ಡೌನ್ ಮಾಡುವಾಗ ವಿಂಡೋಸ್ ತನ್ನ ಒಳಭಾಗವನ್ನೂ ಡ್ರೈವರ್‌ಗಳನ್ನೂ ಹಾಗೆಯೇ ಡಿಸ್ಕಿನಲ್ಲಿ ಬರೆದಿಟ್ಟು ಬೆಳಿಗ್ಗೆ ಮರಳಿ ತರುತ್ತದೆ. ನಿನ್ನೆಯ ಭಾರವೂ ಜೊತೆಗೆ ಬರುತ್ತದೆ. *ರೀಸ್ಟಾರ್ಟ್* ಒತ್ತಿದರೆ ಮಾತ್ರ ಪೂರ್ತಿ ಹೊಸದಾಗಿ ಶುರು. ರೀಸ್ಟಾರ್ಟ್ ಮಾಡಿದೆವು, 1.5 ಜಿಬಿ ಇದ್ದದ್ದು 0.2ಕ್ಕೆ ಇಳಿಯಿತು.

ಇಲ್ಲಿಗೇ ನಿಲ್ಲಿಸಿದ್ದರೆ ಅದು ಶಮನ, ನಿವಾರಣೆ ಅಲ್ಲ.

*ಪರೀಕ್ಷೆ*

ಲ್ಯಾಪ್‌ಟಾಪಿನ ಒಳಗಿನ ವೈಫೈ ಕೆಟ್ಟಿದ್ದರಿಂದ ಅವಳು ಹೊರಗಿನಿಂದ ಒಂದು ವೈಫೈ ಡಾಂಗಲ್ ಚುಚ್ಚಿಕೊಂಡಿದ್ದಳು. ಅದನ್ನು ಬಳಸಿ ಒಂದು ಗಂಟೆ ಇಂಟರ್‌ನೆಟ್ ನೋಡಿದೆವು. ಪೂಲ್ 0.2ರಿಂದ 0.6ಕ್ಕೆ ಏರಿತು, ಇಳಿಯಲಿಲ್ಲ. ರೀಸ್ಟಾರ್ಟ್ ಮಾಡಿ ಡಾಂಗಲ್ ತೆಗೆದು, ಮೊಬೈಲನ್ನೇ ಕೇಬಲ್‌ನಲ್ಲಿ ಜೋಡಿಸಿ ಇನ್ನೊಂದು ಗಂಟೆ ನೋಡಿದೆವು. 0.2ರಲ್ಲೇ ನಿಂತಿತು. ಕಾರಣ ಕೈಗೆ ಸಿಕ್ಕಿತು. ಡಾಂಗಲ್ ತಯಾರಿಸಿದವರ ತಾಣದಿಂದ ಹೊಸ ಡ್ರೈವರ್ ಹಾಕಿ ಮತ್ತೆ ಅದೇ ಪರೀಕ್ಷೆ ಮಾಡಿದೆವು. ಏರಿಕೆ ನಿಂತಿತು. ಖರ್ಚು ಸೊನ್ನೆ. ಕೊನೆಯ ದಿನಕ್ಕೆ ಮೊದಲೇ ಆರೂ ಅರ್ಜಿಗಳು ಹೋದವು. ಸಂಘದ ಸಾಲ ಬೇಕಾಗಲಿಲ್ಲ.

*ಆ ಮೂರು ಉತ್ತರಗಳು*

ಹೊಸದು ಕೊಂಡಿದ್ದರೂ ಅದೇ ಡಾಂಗಲನ್ನು ಹಳೆಯ ಡ್ರೈವರಿನೊಡನೆ ಚುಚ್ಚಿದ್ದರೆ ಅದೇ ಕಾಯಿಲೆ ಅಲ್ಲಿಗೂ ಹೋಗಬಹುದಿತ್ತು.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ರಂದು. ಈ ತಾರೀಕನ್ನು ನಾವು ಮರೆಯುವ ಹಾಗಿಲ್ಲ, 1956ರಲ್ಲಿ ನಾಗಪುರದ ಧಮ್ಮದೀಕ್ಷೆ ನಡೆದದ್ದೂ ಅದೇ ದಿನ. ಬೆಂಬಲ ನಿಂತರೆ ಸುರಕ್ಷತೆಯ ಚಿಂತೆ ಮಾಡಬೇಕು, ನಿಜ. ಆದರೆ ಅದರಿಂದ ಯಂತ್ರ ಸ್ಲೋ ಆಗುವುದಿಲ್ಲ.

ಇನ್ನು ಆಯುಧಪೂಜೆ. ಪೂಜೆ ಮಾಡುವ ಕಚೇರಿಗಳ ಕಂಪ್ಯೂಟರೂ ಹ್ಯಾಂಗ್ ಆಗುತ್ತದೆ. ನೆರೆಯವರೊಡನೆ ಜಗಳ ಬೇಡ. ಡಾಂಗಲ್ ತೆಗೆದಾಗ ಏನಾಯಿತು, ಹಾಕಿದಾಗ ಏನಾಯಿತು ಎಂದು ತೋರಿಸಿದರೆ ಸಾಕು.

ಪ್ರತಿ ಘಟನೆಗೂ ಕಾರಣ ಇದೆ, ಆ ಕಾರಣ ಮನುಷ್ಯನ ಕ್ರಿಯೆಯಲ್ಲೋ ನಿಸರ್ಗದ ನಿಯಮದಲ್ಲೋ ಇದೆ, ಅದರ ಆಚೆ ಅಲ್ಲ. 1957ರಲ್ಲಿ ಪ್ರಕಟವಾದ ತಮ್ಮ ಬುದ್ಧ-ಧಮ್ಮ ಗ್ರಂಥದಲ್ಲಿ ಬಾಬಾಸಾಹೇಬರು ಒತ್ತಿ ತೋರಿಸಿದ ವಿಚಾರ ಇದು. ಕಾಲಾಮರಿಗೆ ಬುದ್ಧರು ಕಲಿಸಿದ್ದೂ ಇದನ್ನೇ: ಕೇಳಿದ ಮಾತ್ರಕ್ಕೆ, ಹಿರಿಯರು ಹೇಳಿದ ಮಾತ್ರಕ್ಕೆ ಒಪ್ಪಬೇಡಿ, ನೀವೇ ಪರೀಕ್ಷಿಸಿ. ಅಂಗಡಿಯವರ ಮಾತಿಗೂ ವಿಡಿಯೋಗೂ ಇದು ಅನ್ವಯಿಸುತ್ತದೆ. ಈ ಮೆಸೇಜಿಗೂ ಅನ್ವಯಿಸುತ್ತದೆ.

*ಇಂದಿನ ಅಭ್ಯಾಸ* 📘

ಮನೆಯಲ್ಲಿ ಹಣ ಸಾಲದಿದ್ದರೆ ಕಣ್ಣಿಗೆ ಕಾಣುವವರನ್ನು ಬೈಯುತ್ತೇವೆ, ಮಗನ ಮೊಬೈಲ್ ರೀಚಾರ್ಜ್, ಮಗಳ ಬಸ್ ಚಾರ್ಜ್ ಎಂದು. ಇಂದು ರಾತ್ರಿ ಎಲ್ಲರೂ ಕೂತು ತಿಂಗಳ ಖರ್ಚನ್ನು ಬರೆದು ಕೂಡಿಸಿ. ಲೆಕ್ಕ ಕೂಡದಿದ್ದರೆ ಪಟ್ಟಿಯಲ್ಲಿ ಇಲ್ಲದ್ದನ್ನು ಹುಡುಕಿ. ವಾರದ ಸಾಲದ ಕಂತೋ, ಯಾರೂ ಬಾಯಿಬಿಟ್ಟು ಹೇಳದ ಕುಡಿತವೋ ಅಲ್ಲಿರಬಹುದು. ಸಿಕ್ಕಿದಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದು ಏರಿ ಇಳಿಯುತ್ತಿದೆಯೋ, ಏರುತ್ತಲೇ ಇದೆಯೋ?

ಲ್ಯಾಪ್‌ಟಾಪ್ ಸ್ಲೋ ಇರುವವರು ಮುಂದಿನ ಭಾನುವಾರ ತನ್ನಿ. ಚಾರ್ಜರ್ ಮರೆಯಬೇಡಿ.

ಎಲ್ಲರಿಗೂ ಮಂಗಳವಾಗಲಿ. ಜೈಭೀಮ್ 💙